ಸೊಪ್ಪು ಬಿಡಿಸುತ್ತಾ ಫೋನ್ ಮಾಡಿ

2020ರಲ್ಲಿ ಕೊರೊನಾ ಲಾಕ್‌ಡೌನ್ ಮೇ 3ರವರೆಗೆ ಮುಂದಕ್ಕೆ ಹೋದಾಗ ಕಂಡುಕೊಂಡ ದಾರಿ ಇದು. ಒಂಟಿಯಾಗಿರುವ ಹಿರಿಯರಿಗೆ ಫೋನ್ ಮಾಡುವಾಗ ಕೈಗೊಂದು ಕೆಲಸ ಇಟ್ಟುಕೊಳ್ಳಿ. ಸೊಪ್ಪು ಬಿಡಿಸುವುದೋ, ಬೆಳ್ಳುಳ್ಳಿ ಸುಲಿಯುವುದೋ, ಏನಾದರೂ ಸರಿ. ಫೋನ್ ಸ್ಪೀಕರಿಗೆ ಹಾಕಿ ಪಕ್ಕಕ್ಕಿಡಿ. ಕೈ ಒದ್ದೆಯಾಗಿದ್ದರೆ ವಾಟ್ಸಾಪ್ ತೆರೆಯಲು ಆಗುವುದಿಲ್ಲ, ಸುದ್ದಿ ನೋಡಲೂ ಆಗುವುದಿಲ್ಲ. ಕಿವಿ ಪೂರ್ತಿ ಅವರ ಕಡೆಗೇ ಇರುತ್ತದೆ. ಮಧ್ಯೆ ಮಾತು ನಿಂತರೂ ಮುಜುಗರ ಇಲ್ಲ, ದಂಟಿನ ಎಲೆ ಚಟಕ್ ಅಂತ ಕಿತ್ತು ಬರುವ ಸದ್ದು ಇಬ್ಬರಿಗೂ ಕೇಳುತ್ತಿರುತ್ತದೆ. (ನನಗಂತೂ ಕಣ್ಣು ಮುಚ್ಚಿ ಕೂರುವ ಧ್ಯಾನಕ್ಕಿಂತ ಇದೇ ಜಾಸ್ತಿ ಹಿಡಿಸಿದೆ.) ಇನ್ನೊಂದು, ‘ಏನಾದರೂ ಬೇಕಾ?’ ಅಂತ ಸುಮ್ನೆ ಕೇಳಬೇಡಿ. ‘ಏನೂ ಬೇಡಪ್ಪ, ಎಲ್ಲ ಇದೆ’ ಅಂದುಬಿಡುತ್ತಾರೆ. ‘ಆಂಟಿ, ಬಿಪಿ ಮಾತ್ರೆ ಎಷ್ಟು ಉಳಿದಿದೆ? ಎಣಿಸಿ ನೋಡಿ, ನಾನು ಲೈನಲ್ಲೇ ಇರ್ತೀನಿ’ ಅನ್ನಿ. ಎದ್ದು ಹೋಗಿ ನೋಡಿ, ‘ಅಯ್ಯೋ, ನಾಲ್ಕೇ ಇದೆ’ ಅನ್ನುತ್ತಾರೆ. ಗ್ಯಾಸ್, ರೇಷನ್ನಿಗೂ ಇದೇ ದಾರಿ. ದುಡ್ಡಿನ ಕಷ್ಟ ಇರುವವರ ಹತ್ತಿರ ಮಾತ್ರ ಸ್ಪೀಕರ್ ನಡೆಯುವುದಿಲ್ಲ. ನಿಮ್ಮ ಮನೆಮಂದಿಗೆಲ್ಲ ಕೇಳುತ್ತದೆ ಅಂತ ಗೊತ್ತಾದರೆ ಬಾಯಿ ಬಿಡುವುದಿಲ್ಲ. ಆಗ ಕೈ ಒರೆಸಿಕೊಂಡು, ಫೋನ್ ಕಿವಿಗೆ ಹಿಡಿದು ಮಹಡಿಗೆ ಹೋಗಿ. ಕುಕ್ಕರ್ ಕೂಗುವ ಹೊತ್ತಲ್ಲೂ ಇಂಥ ಮಾತು ಬೇಡ. ದಿನಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂದರೆ ನಮ್ಮ ಮಾತು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ನಿಧಾನವಾಗಿ ಹೇಳಿ ಬರೆಸಿ.