ಶಾಲೆಯ ಬೆಳಗಿನ ಹೊಟ್ಟೆನೋವು: ಒಂದನೇ ತರಗತಿಯ ನನ್ನ ಅನುಭವ

ಒಂದನೇ ತರಗತಿಯ ಎರಡನೇ ವಾರದಿಂದ ಮಗಳಿಗೆ ಪ್ರತಿದಿನವೂ ಸಮವಸ್ತ್ರ ತೊಡಿಸುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ರಜೆಯ ದಿನ ಅದರ ಸುಳಿವೂ ಇರುತ್ತಿರಲಿಲ್ಲ. ವೈದ್ಯರು ಪರೀಕ್ಷಿಸಿ ದೈಹಿಕ ಕಾರಣವಿಲ್ಲವೆಂದರು. ಇದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಆಟಿಕೆಯ ಆಮಿಷ ಮೂರು ದಿನ ನಡೆಯಿತು. ಗದರಿದಾಗ ಅಳು ಹೆಚ್ಚಾಯಿತು. ಗೇಟಿನ ಬಳಿ ನಿಂತು ಸಮಾಧಾನಪಡಿಸಿದಷ್ಟೂ ಅವಳು ನನ್ನ ಅಂಗಿಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಹೇಳದೆ ಜಾರಿಕೊಂಡದ್ದಂತೂ ಎಲ್ಲಕ್ಕಿಂತ ದೊಡ್ಡ ತಪ್ಪು: ಅಂದಿನಿಂದ ಮನೆಯಲ್ಲೂ ನನ್ನ ಬೆನ್ನು ಬಿಡಲಿಲ್ಲ.

ಮೊದಲು ಸರಿಪಡಿಸಿದ್ದು ನಿದ್ರೆಯನ್ನು. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ಅವಳಿಗೆ ಸಿಗುತ್ತಿದ್ದುದು ಎಂಟೂವರೆ. ಮಲಗುವ ಸಮಯವನ್ನು ಮೂರು ದಿನಕ್ಕೊಮ್ಮೆ 15 ನಿಮಿಷದಂತೆ ಹಿಂದಕ್ಕೆ ತಂದು, ರಾತ್ರಿ ಹತ್ತೂವರೆಯಿಂದ ಒಂಬತ್ತಕ್ಕೆ ನಿಲ್ಲಿಸಿದೆವು.

ನಿಜವಾಗಿ ಕೆಲಸ ಮಾಡಿದ್ದು ಬೀಳ್ಕೊಡುವ ಕ್ರಮ. ಗಂಟೆ ಬಾರಿಸುವ 10 ನಿಮಿಷ ಮೊದಲು ತಲುಪುವುದು, ಚೀಲವನ್ನು ಅವಳ ಹೆಗಲಿಗೇ ಹಾಕುವುದು, ಒಮ್ಮೆ ಅಪ್ಪಿಕೊಳ್ಳುವುದು, "ಕೊನೆಯ ಗಂಟೆಯಾದಾಗ ಇದೇ ಕಂಬದ ಪಕ್ಕ ಇರುತ್ತೇನೆ" ಎಂಬ ಒಂದೇ ವಾಕ್ಯವನ್ನು ಹೇಳಿ, ಅತ್ತರೂ ಹಿಂತಿರುಗದೆ ಹೊರಡುವುದು. ಒಳಗೆ ಕಾಲಿಟ್ಟೊಡನೆ ಕರಿಹಲಗೆ ಒರೆಸುವ ಕೆಲಸವನ್ನು ಅವಳಿಗೆ ಕೊಡುವಂತೆ ಶಿಕ್ಷಕಿಯನ್ನು ಕೋರಿದ್ದೆ. ಅಳುವಿಗೆ ಬಿಡುವೇ ಸಿಗದಂತಾದದ್ದು ಇದರಿಂದ ಎಂಬುದು ನನ್ನ ಅಂದಾಜು. ಸಂಜೆ ಕಂಬದ ಬಳಿ ಒಂದು ನಿಮಿಷವೂ ತಡವಾಗಬಾರದು.

ಈ ಕ್ರಮ ಶುರುಮಾಡಿದ ಮೂರನೇ ವಾರಕ್ಕೆ ಹೊಟ್ಟೆನೋವು ನಿಂತಿತು. ದೀರ್ಘ ರಜೆಯ ನಂತರ ಎರಡು ದಿನ ಮರುಕಳಿಸಿದಾಗ ಅದೇ ಕ್ರಮವನ್ನು, ಅದೇ ವಾಕ್ಯವನ್ನು ಬದಲಿಸದೆ ಮುಂದುವರಿಸಿದೆವು.