ನೆಲಮಾಳಿಗೆಯ ಪೀಪಾಯಿಗಳು: ‘ಮೂನ್‌ಫ್ಲೀಟ್’ ಅನ್ನು ಬಾನುಲಿ ನಾಟಕ ಮಾಡಿದ ಬಗೆ

ಕಳ್ಳಸರಕು ದಡ ಸೇರುವುದು ಕತ್ತಲಲ್ಲಿ. ಹಾಗಾಗಿ ಕಳ್ಳಸಾಗಣೆಯ ಸಾಹಸ ಕಾದಂಬರಿಗಳಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ ಜಾಸ್ತಿ. ಜೆ. ಮೀಡ್ ಫಾಕ್ನರ್ 1898ರಲ್ಲಿ ಪ್ರಕಟಿಸಿದ ‘ಮೂನ್‌ಫ್ಲೀಟ್’ ಇದಕ್ಕೆ ಒಳ್ಳೆಯ ಮಾದರಿ. ಕತೆ ಶುರುವಾಗುವುದು 1757ರಲ್ಲಿ, ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯಲ್ಲಿ. ಕನ್ನಡಕ್ಕೆ ಇದನ್ನೇ ಆರಿಸಲು ಕೃತಿಯ ಹಕ್ಕಿನ (ಕಾಪಿರೈಟ್) ಲೆಕ್ಕವೂ ಒಂದು ಕಾರಣ. ಫಾಕ್ನರ್ ತೀರಿಕೊಂಡದ್ದು 1932ರಲ್ಲಿ, ಅವರ ಹಕ್ಕಿನ ಅವಧಿ ಯಾವತ್ತೋ ಮುಗಿದಿದೆ. ಇದೇ ಜಾತಿಯ ‘ಜಮೈಕಾ ಇನ್’ ಬರೆದ ಡಾಫ್ನಿ ಡು ಮೊರಿಯೆ ತೀರಿಕೊಂಡದ್ದು 1989ರಲ್ಲಿ. ನಮ್ಮ ಕಾಯ್ದೆಯ 60 ವರ್ಷದ ಲೆಕ್ಕದಲ್ಲಿ ಅದಕ್ಕೆ 2049ರ ಕೊನೆಯವರೆಗೂ ಅನುಮತಿ ಬೇಕು.

ಮೂಲದಲ್ಲಿ 19 ಅಧ್ಯಾಯಗಳಿವೆ. ನಾವು ಮಾಡಿಕೊಂಡದ್ದು ತಲಾ 28 ನಿಮಿಷದ 6 ಕಂತು. ಇಂಗ್ಲಿಷ್ ನಾಟಕದ ಲೆಕ್ಕ ಹಿಡಿದು ನಿಮಿಷಕ್ಕೆ 150 ಪದ ಬರೆದರೆ ಕೆಟ್ಟಂತೆಯೇ. ಕನ್ನಡದ ಪದ ಉದ್ದ. ಸದ್ದಿಗೂ ಮೌನಕ್ಕೂ ಜಾಗ ಬಿಟ್ಟರೆ ನಿಮಿಷಕ್ಕೆ 90 ಪದವೇ ಸಾಕು, ಅಂದರೆ ಕಂತಿಗೆ ಸುಮಾರು 2,500.

ಮೊದಲು ಕೂತದ್ದು ಚರ್ಚಿನ ದೃಶ್ಯಕ್ಕೆ. ನೆರೆ ಬಂದುಹೋದ ಮೇಲೆ ಪ್ರಾರ್ಥನೆಯ ನಡುವೆ ನೆಲದಡಿಯಿಂದ ‘ಧಡ್… ಧಡ್’ ಕೇಳಿಸುತ್ತದೆ. ಸತ್ತವರು ಮಿಸುಕಾಡುತ್ತಿದ್ದಾರೆಂದು ಜನ ಹೆದರುತ್ತಾರೆ. ನಿಜವಾಗಿ ಅದು ಸಮಾಧಿಯ ನೆಲಮಾಳಿಗೆಯಲ್ಲಿ ತೇಲುತ್ತಾ ಒಂದಕ್ಕೊಂದು ಬಡಿಯುತ್ತಿರುವ ಬ್ರಾಂದಿ ಪೀಪಾಯಿಗಳ ಸದ್ದು. ಇದಕ್ಕೆ ಎರಡು ಬೇರೆ ಧ್ವನಿಮುದ್ರಣ ಮಾಡಬಾರದು. ನೀರು ತುಂಬಿದ ದೊಡ್ಡ ತೊಟ್ಟಿಯಲ್ಲಿ ಮರದ ಎರಡು ಖಾಲಿ ಪೆಟ್ಟಿಗೆ ತೇಲಿಬಿಟ್ಟು, ಕೈಯಿಂದ ತಳ್ಳಿ ಒಂದೇ ಸಲ 3 ನಿಮಿಷ ಮುದ್ರಿಸಿಕೊಂಡು, ಸ್ಥಾಯಿಯನ್ನು 4 ಅರ್ಧಸ್ವರ ಇಳಿಸಿದೆವು. ಚರ್ಚಿನಲ್ಲಿ ಕೇಳುವಾಗ ಮೇಲಿನ ಆವರ್ತನಗಳನ್ನು ಕತ್ತರಿಸಿ, ಮುಂದೆ ಕಥಾನಾಯಕ, ಹುಡುಗ ಜಾನ್ ನೆಲಮಾಳಿಗೆಗೆ ಇಳಿದಾಗ ಅದೇ ತುಣುಕನ್ನು, ಅದೇ ಲಯದಲ್ಲಿ, ಪೂರ್ತಿ ತೆರೆದು ಕೇಳಿಸಬೇಕು. ಲಯ ಬದಲಾದರೆ ಕೇಳುಗನಿಗೆ ಗುರುತು ಹತ್ತುವುದಿಲ್ಲ, ವಿವರಣೆಗೆ ನಿರೂಪಕನನ್ನು ಕರೆಯಬೇಕಾಗುತ್ತದೆ. ಕತ್ತರಿಸುವ ಗೆರೆ 400 ಹರ್ಟ್ಸ್‌ನಲ್ಲಿದ್ದಾಗ ಸ್ಟುಡಿಯೋದ ಸ್ಪೀಕರಿನಲ್ಲಿ ಎದೆ ನಡುಗುತ್ತಿತ್ತು, ಮೊಬೈಲಿನಲ್ಲಿ ಏನೂ ಇಲ್ಲ! ಮೊಬೈಲಿನ ಪುಟ್ಟ ಸ್ಪೀಕರು ಅಷ್ಟು ತಗ್ಗಿನ ಸದ್ದನ್ನು ಹೆಚ್ಚುಕಡಿಮೆ ನುಡಿಸುವುದೇ ಇಲ್ಲ. ಗೆರೆಯನ್ನು 900ಕ್ಕೆ ಏರಿಸಿದ ಮೇಲೆ ಬಡಿತದ ‘ಟಕ್’ ಉಳಿಯಿತು.

ತಲೆ ತಿಂದದ್ದು ಗೂಢಲಿಪಿ. ಜಾನ್ ಹುಡುಕುವ ವಜ್ರವನ್ನು ಬಚ್ಚಿಟ್ಟ ಜಾಗವನ್ನು ಬೈಬಲಿನ ಐದು ಕೀರ್ತನೆಗಳ ವಚನಗಳಲ್ಲಿ ಅಡಗಿಸಿದೆ. ವಚನಸಂಖ್ಯೆ ಬೇಕೆಂದೇ ತಪ್ಪಾಗಿದೆ. ಆ ಸಂಖ್ಯೆಯಷ್ಟು ಪದ ಎಣಿಸಿದರೆ ಸಿಗುವ ಪದಗಳು: ಎಂಬತ್ತು, ಅಡಿ, ಆಳ, ಬಾವಿ, ಉತ್ತರ. 90ನೇ ಕೀರ್ತನೆಗೆ ಮೂಲದಲ್ಲಿ 21 ಎಂದಿದೆ, ಇಂಗ್ಲಿಷಿನಲ್ಲಿ 21ನೇ ಪದವೇ ‘ಎಂಬತ್ತು’. ಕನ್ನಡದಲ್ಲಿ ಆ ಎಣಿಕೆ ನಿಲ್ಲದು. ಪ್ರತ್ಯಯವೆಲ್ಲ ಪದಕ್ಕೇ ಅಂಟುವುದರಿಂದ ಸಾಲು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೊನೆಗೆ ಸಾಲುಗಳನ್ನೇ ಹೊಸದಾಗಿ ಕಟ್ಟಿದೆವು: ‘ನಮ್ಮ ಆಯುಷ್ಯ ಎಪ್ಪತ್ತು ವರ್ಷ, ಬಲವಿದ್ದವರಿಗೆ ಎಂಬತ್ತು’. ಇಲ್ಲಿ ಸಂಖ್ಯೆ 6. ‘ಆದರೆ ನಾನೋ, ನನ್ನ ಅಡಿ ಜಾರುವುದರಲ್ಲಿತ್ತು’. ಸಂಖ್ಯೆ 4. ‘ಅಡಿ’ ಕಾಲಿಗೂ ಅಳತೆಗೂ ಒದಗಿದ್ದು ಪುಕ್ಕಟೆ ಸಿಕ್ಕ ಭಾಗ್ಯ. ಬೇಕಾದ ಪದ ಪ್ರಥಮಾ ವಿಭಕ್ತಿಯಲ್ಲೇ ಇರಬೇಕು. ‘ಬಾವಿಯನ್ನಾಗಿ’ ಎಂದು ಬಂದರೆ ಕಿವಿ ಅದನ್ನು ಹೆಕ್ಕಿಕೊಳ್ಳುವುದಿಲ್ಲ. ಹೊಸ ಸಂಖ್ಯೆ ನಿಜವಾದ ವಚನಸಂಖ್ಯೆಯೇ ಆಗಿಬಿಡಬಾರದು, ಅದನ್ನೂ ನೋಡಿಕೊಳ್ಳಬೇಕು. ‘ಉತ್ತರ’ ಮಾತ್ರ ಕೈಕೊಟ್ಟಿತು: ದಿಕ್ಕೋ, ಪ್ರಶ್ನೆಗೆ ಜವಾಬೋ? ಅದೇ ಸಾಲಿಗೆ ‘ದಕ್ಷಿಣ’ ಸೇರಿಸಿ ಸರಿಪಡಿಸಿದೆವು. ಕೇಳುಗ ಪುಟ ತಿರುವಿ ನೋಡಲಾರ. ಹಾಗಾಗಿ ಐದೂ ಸಾಲುಗಳನ್ನು 2ನೇ ಕಂತಿನಲ್ಲಿ ಒಮ್ಮೆ, 4ನೇ ಕಂತಿನಲ್ಲಿ ಇನ್ನೊಮ್ಮೆ ಓದಿಸಿ, ಎಣಿಸುವಾಗ ಪದಕ್ಕೊಂದರಂತೆ ಮೇಜಿಗೆ ಬೆರಳು ಕುಟ್ಟಿಸಿದೆವು.

ಆ ಬಾವಿ ಇರುವುದು ಇಂಗ್ಲೆಂಡಿನ ವೈಟ್ ದ್ವೀಪದ ಕ್ಯಾರಿಸ್‌ಬ್ರುಕ್ ಕೋಟೆಯಲ್ಲಿ. ಅಲ್ಲಿ ಕತ್ತೆ ತುಳಿದು ತಿರುಗಿಸುವ ಮರದ ಚಕ್ರ ಈಗಲೂ ಇದೆ. ಕತ್ತೆಯ ಹೆಜ್ಜೆಗೆ ಬರೀ ತೆಂಗಿನ ಚಿಪ್ಪು ಬಡಿದರೆ ರಸ್ತೆಯ ಕುದುರೆಯಾಗುತ್ತದೆ. ಚಿಪ್ಪಿಗೆ ಬಟ್ಟೆ ಸುತ್ತಿ ಹಲಗೆಯ ಮೇಲೆ ಬಡಿಯಿರಿ. 80 ಅಡಿ ಎಂದರೆ 24.4 ಮೀಟರ್, ಕೂಗು ಹೋಗಿ ಬರಲು 0.14 ಸೆಕೆಂಡು. ಜಾನ್ ಬುಟ್ಟಿಯಲ್ಲಿ ಇಳಿದಂತೆ ಡಿಲೇಯನ್ನು (ಪ್ರತಿಧ್ವನಿ ತಡವಾಗಿ ಬರುವ ಅಂತರವನ್ನು) 20ರಿಂದ 140 ಮಿಲಿಸೆಕೆಂಡಿಗೆ ಏರಿಸಲು ಹೋದಾಗ ದನಿಯ ಸ್ಥಾಯಿಯೇ ವಾಲಾಡಿತು. ಅಂತರ ಬದಲಾಗುತ್ತಿರುವಷ್ಟು ಹೊತ್ತು ಡಿಲೇ ದನಿಯನ್ನು ಎಳೆಯುತ್ತಲೋ ಒತ್ತುತ್ತಲೋ ಇರುತ್ತದೆ. 20, 60, 100, 140 ಎಂದು ನಾಲ್ಕು ಟ್ರ್ಯಾಕ್ ಮಾಡಿ, ಮಾತಿನ ನಡುವಿನ ಮೌನದಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿಸಿದರೆ ಆ ಗೋಳಿಲ್ಲ.

ಹೆಂಡದಂಗಡಿಯ ಹರಾಜಿನದು ಸಣ್ಣ ಕೆಲಸ. ಉರಿಯುವ ಮೇಣದಬತ್ತಿಗೆ ಗುಂಡುಸೂಜಿ ಚುಚ್ಚಿರುತ್ತಾರೆ. ಅದು ಬೀಳುವ ಗಳಿಗೆಯಲ್ಲಿ ಕೊನೆಯ ಸವಾಲು ಯಾರದೋ ಅವರಿಗೆ ಅಂಗಡಿ. ಮೇಜಿನ ಮೇಲೆ ಬಿದ್ದ ಸೂಜಿ ಎಂಪಿ3ಯಲ್ಲಿ ಮಾಯವಾಗುತ್ತದೆ. ಲೋಹದ ತಟ್ಟೆಯ ಮೇಲೆ ಬೀಳಿಸಿ, ಅದಕ್ಕೂ 2 ಸೆಕೆಂಡು ಮೊದಲೇ ಜನರ ಗುಜುಗುಜು ತೆಗೆದುಬಿಡಿ.

ಇನ್ನು ಸಮುದ್ರ. ಮಲ್ಪೆಯಲ್ಲೋ ಕಾರವಾರದಲ್ಲೋ ಮುದ್ರಿಸಿದ ಅಲೆ ಇಲ್ಲಿ ನಡೆಯದು, ಅದು ಮರಳಿನ ‘ಶ್’. ಕತೆಯ ಚೆಸಿಲ್ ದಂಡೆ ಸುಮಾರು 29 ಕಿಲೋಮೀಟರ್ ಉದ್ದದ ಉರುಟು ಕಲ್ಲಿನ ರಾಶಿ. ಅಲೆ ಹಿಂದೆ ಸರಿಯುವಾಗ ಕಲ್ಲುಗಳನ್ನು ಗರಗರ ಎಳೆದೊಯ್ಯುತ್ತದೆ. ಕಟ್ಟಡದ ಜಲ್ಲಿಗೆ ಮೂಲೆಗಳಿರುವುದರಿಂದ ಗಾಜು ಒಡೆದಂತೆ ಕೇಳುತ್ತದೆ. 8 ಕಿಲೋ ಹೊಳೆಗಲ್ಲನ್ನು ಒದ್ದೆ ಮಾಡಿ, ಅಗಲ ಬಾಂಡ್ಲಿಯಲ್ಲಿ ನಿಧಾನ ಓರೆ ಮಾಡಬೇಕು. ಕೊನೆಯ ಕಂತಿನಲ್ಲಿ ಹಡಗು ಒಡೆದ ಮೇಲೆ ಜೀವ ತೆಗೆಯುವುದೇ ಈ ಹಿಂದೆಳೆತ. ಅಲ್ಲಿ ಸಂಗೀತ ಹಾಕಲಿಲ್ಲ. 40 ಸೆಕೆಂಡು ಬರೀ ಕಲ್ಲು, ಅದೂ ಎಳೆತದ ಮೇಲೆ ಮುಗಿಯುವಂತೆ. ಅಪ್ಪಳಿಸುವ ಅಲೆಯ ಮೇಲೆ ನಿಲ್ಲಿಸಿದರೆ ಕಿವಿ ಮುಂದಿನ ಅಲೆಗಾಗಿ ಕಾಯುತ್ತಲೇ ಇರುತ್ತದೆ.