ಚಿಕ್ಕ ಎಸ್‌ಎಸ್‌ಡಿಗೆ ವಿಂಡೋಸ್, ಲಿನಕ್ಸ್ ಎರಡನ್ನೂ ಸಾಗಿಸುವುದು ಹೇಗೆ?

ವಿಂಡೋಸ್, ಉಬುಂಟು ಎರಡೂ ಇರುವ ಹಳೆಯ 1 ಟಿಬಿ ಹಾರ್ಡ್ ಡಿಸ್ಕ್. ಕೈಯಲ್ಲಿರುವುದು 240 ಜಿಬಿ ಎಸ್‌ಎಸ್‌ಡಿ. ಡ್ರೈವ್ ಚಿಕ್ಕದು ಎಂದೊಡನೆ ಕ್ಲೋನ್‌ಜಿಲ್ಲಾದಂಥ ಡಿಸ್ಕ್ ನಕಲಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಕೈಚೆಲ್ಲುತ್ತವೆ. ಹಾಗೆಂದು ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಿಲ್ಲ. ಯುಇಎಫ್‌ಐ (ಹೊಸ ಬಗೆಯ ಬೂಟ್ ವ್ಯವಸ್ಥೆ) ಮತ್ತು ಜಿಪಿಟಿ (ಡಿಸ್ಕ್‌ನ ಪಾರ್ಟಿಷನ್ ಪಟ್ಟಿ) ಇರುವ ಕಂಪ್ಯೂಟರ್‌ಗೆ ಇಲ್ಲಿದೆ ದಾರಿ.

ಮೊದಲು ಬ್ಯಾಕಪ್. ಇದರಲ್ಲಿ ಚೌಕಾಸಿ ಬೇಡ.

ಕುಗ್ಗಿಸುವ ಕೆಲಸ ವಿಂಡೋಸ್‌ನಿಂದಲೇ ಶುರುವಾಗಲಿ. ಬಿಟ್‌ಲಾಕರ್ (ಡ್ರೈವ್‌ನ ಗೂಢಲಿಪೀಕರಣ) ಇದ್ದರೆ ತೆಗೆಯಿರಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ. ಅರ್ಧದಷ್ಟು ಜಾಗ ಖಾಲಿಯಿದ್ದರೂ 'ಇಷ್ಟೇ ಸಾಧ್ಯ' ಎಂದು ಅದು ಹಟ ಹಿಡಿಯಬಹುದು. ನಡುವೆ ಕೂತಿರುವ ಪೇಜ್ ಫೈಲ್, ಹೈಬರ್‌ನೇಶನ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು ಅದಕ್ಕೆ ಕಾರಣ. ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ ಮತ್ತೆ ಯತ್ನಿಸಿ.

ಇನ್ನು ಲಿನಕ್ಸ್‌ನ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಪಾರ್ಟಿಷನ್ ಬದಲಿಸುವ ತಂತ್ರಾಂಶ ಜಿಪಾರ್ಟೆಡ್ ತೆರೆಯಿರಿ. ಮೌಂಟ್ ಆಗಿರುವ, ಅಂದರೆ ಬಳಕೆಯಲ್ಲಿರುವ ಇಎಕ್ಸ್‌ಟಿ4 (ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಮ್) ಕುಗ್ಗದು. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ ಅಂತೂ ಜಿಪಾರ್ಟೆಡ್‌ನಲ್ಲಿ ಕುಗ್ಗುವುದೇ ಇಲ್ಲ. ಲಿನಕ್ಸ್ ಪಾರ್ಟಿಷನ್ ಕುಗ್ಗಿಸಿ, ಎಲ್ಲವನ್ನೂ ಎಡಕ್ಕೆ ಸರಿಸಿ. 240 ಜಿಬಿ ಡ್ರೈವ್ ಜಿಪಾರ್ಟೆಡ್ ಲೆಕ್ಕದಲ್ಲಿ ಸುಮಾರು 223 ಜಿಐಬಿ (GiB) ಮಾತ್ರ. ಆದ್ದರಿಂದ ಕೊನೆಯ ಪಾರ್ಟಿಷನ್ 215 ಜಿಐಬಿಯೊಳಗೆ ಮುಗಿಯಲಿ. ಈ ಸರಿಸುವ ಕೆಲಸ ಗಂಟೆಗಟ್ಟಲೆ ನಡೆಯಬಹುದು; ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಇರಲಿ.

ನಕಲು ಮಾಡಲು ನನ್ನ ಆಯ್ಕೆ, ಡಿಸ್ಕನ್ನು ಇದ್ದಂತೆಯೇ ನಕಲಿಸುವ ಡಿಡಿ (dd) ಕಮಾಂಡ್. ಪಾರ್ಟಿಷನ್‌ಗಳ ಯುಯುಐಡಿ (ಗುರುತಿನ ಸಂಖ್ಯೆ) ಬದಲಾಗದೆ ಬರುವುದರಿಂದ ಗ್ರಬ್ (ಲಿನಕ್ಸ್‌ನ ಬೂಟ್ ಮೆನು), ಎಫ್‌ಎಸ್‌ಟ್ಯಾಬ್ (ಲಿನಕ್ಸ್‌ನ ಮೌಂಟ್ ಪಟ್ಟಿ), ವಿಂಡೋಸ್ ಬೂಟ್ ಯಾವುದನ್ನೂ ತಿದ್ದುವ ಗೋಜಿಲ್ಲ. ಡಿಡಿ ಕಮಾಂಡ್‌ನಲ್ಲಿ ಐಎಫ್ (if=) ಎಂದರೆ ಹಳೆಯ ಡಿಸ್ಕ್, ಓಎಫ್ (of=) ಎಂದರೆ ಹೊಸದು. ಅದಲುಬದಲಾದರೆ ಬ್ಯಾಕಪ್ಪೇ ಗತಿ! ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್‌ನಲ್ಲಿ ಗಾತ್ರ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಎಂಟರ್ ಒತ್ತಿ. ಕೊನೆಯಲ್ಲಿ 'ಜಾಗ ಉಳಿದಿಲ್ಲ' ಎಂಬ ಎರರ್ ಬಂದೇ ಬರುತ್ತದೆ. ಗಾಬರಿ ಬೇಡ, ನಮಗೆ ಬೇಕಾದ ಭಾಗ ಅಷ್ಟರಲ್ಲಿ ಬಂದಾಗಿರುತ್ತದೆ.

ಜಿಪಿಟಿ ತನ್ನ ಎರಡನೇ ಪ್ರತಿಯನ್ನು ಡಿಸ್ಕ್‌ನ ಕಟ್ಟಕಡೆಯಲ್ಲಿ ಇಡುತ್ತದೆ. ಹೊಸ ಡ್ರೈವ್‌ಗೆ ಅದು ಬಂದಿಲ್ಲ. ಜಿಪಿಟಿ ತಿದ್ದುವ ಜಿಡಿಸ್ಕ್ (gdisk) ಕಮಾಂಡ್‌ನಲ್ಲಿ ಹೊಸ ಡ್ರೈವ್ ತೆರೆದು ಎಕ್ಸ್ (x), ಇ (e) ಎಂದು ಕೊಡಿ, ವಿ (v) ಕೊಟ್ಟು ಪರೀಕ್ಷಿಸಿ, ಡಬ್ಲ್ಯೂ (w) ಕೊಟ್ಟು ಬರೆಯಿರಿ.

ಈಗ ಕಂಪ್ಯೂಟರ್ ಆಫ್ ಮಾಡಿ ಹಳೆಯ ಡಿಸ್ಕ್ ಬಿಚ್ಚಿ. ಎರಡಕ್ಕೂ ಒಂದೇ ಯುಯುಐಡಿ ಇರುವಾಗ ಲಿನಕ್ಸ್ ಯಾವುದನ್ನು ಮೌಂಟ್ ಮಾಡುತ್ತದೋ ಹೇಳಲಾಗದು. ಎರಡೂ ಓಎಸ್ ಬೂಟ್ ಆದ ಮೇಲೆ ಲಿನಕ್ಸ್‌ನಲ್ಲಿ ಒಮ್ಮೆ ಎಫ್‌ಎಸ್‌ಟ್ರಿಮ್ (ಖಾಲಿ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಕಮಾಂಡ್) ಓಡಿಸಿ, ವಿಂಡೋಸ್‌ನಲ್ಲಿ ನಿಲ್ಲಿಸಿದ್ದನ್ನೆಲ್ಲ ಮತ್ತೆ ಆನ್ ಮಾಡಿ. ಹಳೆಯ ಡಿಸ್ಕನ್ನು ಕೆಲವು ವಾರ ಅಳಿಸದೆ ಎತ್ತಿಡಿ.